ತೊಟ್ಟಿಲಲ್ಲೊಬ್ಬ, ಚಟ್ಟದಲ್ಲೊಬ್ಬ ಎಬರ್‌ವಿನ್

“ಈ ಹೆಸರನ್ನ ನಾನು ಬರೆಯಲ್ಲ,” ಎಂದು ಹಾಡೆವಿಗ್ ಗರಿಲೇಖನಿಯನ್ನು ಕೆಳಗಿಟ್ಟಳು.

ಮಠದ ಬರವಣಿಗೆಯ ಕೋಣೆಯಲ್ಲಿ ಗಾಳಿ ನಿಂತಿತು. ಗಾಳಿಯೇನು, ಕಿಟಕಿಯಾಚೆ ಹರಿಯುವ ವೇಸರ್ ನದಿಯೇ ಒಂದು ಗಳಿಗೆ ನಿಂತು ಕಿವಿಗೊಟ್ಟಿತು. ಸತ್ತವರ ಪುಸ್ತಕವನ್ನು ಮೂವತ್ತೊಂದು ವರ್ಷಗಳಿಂದ ಕಾಯುತ್ತಿದ್ದ ಸನ್ಯಾಸಿನಿ ಈಕೆ. ಭಿಕ್ಷುಕರ ಹೆಸರು ಬರೆದಿದ್ದಳು, ಬಿಷಪ್ಪರ ಹೆಸರು ಬರೆದಿದ್ದಳು, ಒಮ್ಮೆ ನಿದ್ದೆಗಣ್ಣಿನಲ್ಲಿ ಮಠದ ಬೆಕ್ಕಿನ ಹೆಸರನ್ನೂ ಬರೆದುಬಿಟ್ಟಿದ್ದಳು. ಆ ಬೆಕ್ಕಿಗೆ ವರ್ಷಕ್ಕೊಂದು ಪ್ರಾರ್ಥನೆ ಇಂದಿಗೂ ತಪ್ಪದೆ ಸಲ್ಲುತ್ತದೆ. ಬರೆಯಲಾರೆ ಎಂದದ್ದು ಇದೇ ಮೊದಲು.

ಎದುರಿನ ಮೇಜಿನಿಂದ ಓಡಿಲಿಯಾ ಕಣ್ಣೆತ್ತಿದಳು. ಅವಳದು ಬದುಕಿರುವವರ ಪುಸ್ತಕ. ವಯಸ್ಸಿನಲ್ಲಿ ಹಾಡೆವಿಗ್‌ಗಿಂತ ಹತ್ತು ವರ್ಷ ಹಿರಿಯಳು, ಮಾತಿನಲ್ಲಿ ನೂರು ಪಾಲು ಕಡಿಮೆ. ಅವಳು ಬಾಯಿ ತೆರೆದ ದಿನವನ್ನು ಮಠದವರು ಹಬ್ಬವೆಂದು ಲೆಕ್ಕ ಹಿಡಿಯುತ್ತಿದ್ದರು.

“ದೊರೆ ಹೆಸರು ಕಣೇ,” ಎಂದಳು ಓಡಿಲಿಯಾ. “ನಮಗೆ ಗಿರಣಿ ಕೊಟ್ಟವರು, ಹುಲ್ಲುಗಾವಲು ಕೊಟ್ಟವರು, ಮೀನಿನ ಕೊಳ ಕೊಟ್ಟವರು. ಮಧ್ಯಾಹ್ನ ಮಣ್ಣಿಗಿಡ್ತಾರೆ. ಅಷ್ಟರೊಳಗೆ ಪುಸ್ತಕದಲ್ಲಿ ಇರ್ಬೇಕು.”

“ಗೊತ್ತಕ್ಕ. ನಿನ್ನ ಪುಸ್ತಕ ಸ್ವಲ್ಪ ಈ ಕಡೆ ತಿರುಗಿಸು.”

ಸೋಮವಾರ ಕೋಟೆಯಿಂದ ಒಬ್ಬರೇ ಹೊರಟ ಹಾಲ್ಡೆನ್ನಿನ ದೊರೆ ಎಬರ್‌ವಿನ್, ಬುಧವಾರ ಹಿಂದಲೆ ಒಡೆದ ಹೆಣವಾಗಿ ನದಿಯಲ್ಲಿ ಸಿಕ್ಕಿದ್ದರು. ಹೆಣವನ್ನು ದಡಕ್ಕೆಳೆದವನು ಅಂಬಿಗ ಲೂಡೆಕೆ. ಅವನ ದೋಣಿಯಲ್ಲಿ ದೊರೆಯ ಮೇಲಂಗಿ ಮಡಿಸಿಟ್ಟಿತ್ತು. ಇನ್ನೇನು ಬೇಕು? ಇವತ್ತು, ಶುಕ್ರವಾರ, ನಡುಹಗಲಿಗೆ ಊರ ಲಿಂಡೆನ್ ಮರದಡಿ ನ್ಯಾಯ. ನ್ಯಾಯ ಹೇಗೆ ಮುಗಿಯುವುದೆಂದು ಊರಿಗೆ ಗೊತ್ತಿತ್ತು. ನೇಣಿನ ಹಗ್ಗವನ್ನು ಬೆಳಗ್ಗೆಯೇ ಎಣ್ಣೆ ಸವರಿ ಬಿಸಿಲಿಗೆ ಹಾಕಿದ್ದರು.

ಲೂಡೆಕೆ ಕೊಂದಿಲ್ಲ ಎಂದು ನಂಬಿದವಳು ಹಾಡೆವಿಗ್ ಒಬ್ಬಳೇ. ನದಿಯಲ್ಲಿ ತೇಲಿಬಂದ ಅನಾಥ ಹೆಣಗಳನ್ನೆಲ್ಲ ಕೂಲಿ ಕೇಳದೆ ಮಠದ ಬಾಗಿಲಿಗೆ ತಂದು ಮುಟ್ಟಿಸುವವನು ಅವನು. ಆದರೆ ನಂಬಿಕೆಯನ್ನು ನ್ಯಾಯಕಟ್ಟೆಯಲ್ಲಿ ಯಾರೂ ತೂಗುವುದಿಲ್ಲ. ತೂಗುವಂಥದ್ದೇನಾದರೂ ಬೇಕಿತ್ತು.

ಅದು ಈಗ ಅವಳ ಕಣ್ಣೆದುರಿಗಿತ್ತು.

ಮಠದ ಪದ್ಧತಿ ಹೀಗೆ: ಹುಟ್ಟಿದವರ, ಬಾಳುವವರ ಹೆಸರು ಓಡಿಲಿಯಾಳ ಪುಸ್ತಕದಲ್ಲಿ. ಸತ್ತ ಸುದ್ದಿ ಬಂದ ಕೂಡಲೆ ಅಲ್ಲಿ ಹೆಸರಿನ ನೆತ್ತಿಯ ಮೇಲೊಂದು ಪುಟ್ಟ ಶಿಲುಬೆ. ಆಮೇಲೆ ಆ ಹೆಸರು ಹಾಡೆವಿಗ್‌ಳ ಪುಸ್ತಕಕ್ಕೆ ದಾಟುತ್ತದೆ. ಓಡಿಲಿಯಾ ದೊರೆಯ ಹೆಸರಿಗೆ ಶಿಲುಬೆ ಹಾಕಿದ್ದಳು. ಅದೇ ಪುಟದ ಕೊನೆಯ ಸಾಲಿನಲ್ಲಿ, ಕೋಟೆಯಿಂದ ಮೇಣದ ಹಲಗೆಯಲ್ಲಿ ಬಂದು ಅವಳ ಅಂದದ ಕೈಬರಹಕ್ಕಿಳಿದ ಹೊಸ ಹೆಸರೊಂದಿತ್ತು:

ಎಬರ್‌ವಿನ್, ಗೆರ್ಲಾಖನ ಮಗ. ಜ್ಞಾನಸ್ನಾನ, ಮಂಗಳವಾರ.

ಹಾಡೆವಿಗ್ ಮೂರು ಸಲ ಓದಿದಳು. ಗೆರ್ಲಾಖ್ ಎಂದರೆ ದೊರೆಯ ಅಣ್ಣನ ಮಗ, ಮುಂದಿನ ವಾರಸುದಾರ, ಇಂದಿನ ಫಿರ್ಯಾದಿ. ಹೆಣ ಸಿಕ್ಕಿದ್ದು ಬುಧವಾರ. ಮಗುವಿಗೆ ಹೆಸರಿಟ್ಟದ್ದು ಮಂಗಳವಾರ.

“ಅಕ್ಕ, ಮಂಗಳವಾರ ದೊರೆ ಸತ್ತಿರೋದು ಯಾರಿಗೂ ಗೊತ್ತಿರಲಿಲ್ಲ ಅಲ್ವಾ?”

“ಯಾರಿಗೂ ಇಲ್ಲ.”

“ಯಾರಿಗೋ ಇತ್ತು,” ಎಂದಳು ಹಾಡೆವಿಗ್. ಬಾಗಿಲಲ್ಲಿ ಅವಳ ಮರದ ಮೆಟ್ಟಿನ ಸದ್ದಾಗುವ ಮೊದಲೇ ಅವಳು ಕೋಟೆಯ ದಾರಿಯಲ್ಲಿದ್ದಳು. ಅಷ್ಟು ಬಿರುಸು.

ಹೆಸರಿನ ವಿಚಾರ ಬಂದರೆ ಹಾಡೆವಿಗ್‌ಗೆ ಹಸಿವು, ನಿದ್ರೆ, ದೇವರು ಎಲ್ಲ ಮರೆತುಹೋಗುತ್ತಿತ್ತು. ತಲೆಯೊಳಗೆ ಹನ್ನೊಂದು ಸಾವಿರ ಹೆಸರುಗಳನ್ನು ಹೊತ್ತು ತಿರುಗುತ್ತಿದ್ದಳು. ಅದಕ್ಕೇ ಅವಳ ಕತ್ತು ಎತ್ತಿನ ಕತ್ತಿನಷ್ಟು ದಪ್ಪವಾಗಿತ್ತು ಎನ್ನುವವರಿದ್ದಾರೆ. ಹಳೆಯ ಹೆಸರುಗಳನ್ನು ಬಟಾಣಿ ಸಿಪ್ಪೆಯಂತೆ ನಡುವೆ ಸೀಳಿ ಒಳಗಿನ ಕಾಳು ನೋಡುವುದು ಅವಳ ಚಪಲ. ಹಳಬರು ಹೆಸರನ್ನು ಎರಡು ತುಂಡಿನಿಂದಲೇ ಕಟ್ಟುತ್ತಿದ್ದರು: ಒಂದು ತುಂಡು ಅಪ್ಪನ ಕಡೆಯದು, ಇನ್ನೊಂದು ಅಮ್ಮನ ಕಡೆಯದು, ಕೂಡಿದ ಮೇಲೆ ಅರ್ಥವಾದರೆ ಆಯಿತು, ಆಗದಿದ್ದರೆ ಮಗುವೇನು ಕೇಳುತ್ತದೆಯೇ? ಅವಳ ಸ್ವಂತ ಹೆಸರಿನ ಮುಂದಿನ ಅರ್ಧಕ್ಕೂ ಕಾಳಗವೆಂದೇ ಅರ್ಥ, ಹಿಂದಿನ ಅರ್ಧಕ್ಕೂ ಕಾಳಗವೆಂದೇ ಅರ್ಥ. ಆ ಹೆಸರಿಟ್ಟು ಸನ್ಯಾಸಕ್ಕೆ ಕಳಿಸಿದ ಅಪ್ಪನನ್ನು ನೆನೆದು ಅವಳು ಆಗಾಗ ನಗುತ್ತಿದ್ದಳು.

ಎಬರ್‌ವಿನ್ ಮಾತ್ರ ಬೇರೆ ಜಾತಿಯ ಹೆಸರು. ಎಬರ್ ಎಂದರೆ ಕಾಡುಹಂದಿ. ವಿನ್ ಎಂದರೆ ಗೆಳೆಯ. ಶಿಲುಬೆ ಈ ಸೀಮೆಗೆ ಬರುವ ಮುಂಚೆ ನಮ್ಮ ಕಾಡುಗಳಲ್ಲಿದ್ದ ಯೋಧರು ಶಿರಸ್ತ್ರಾಣದ ಮೇಲೆ ಹಂದಿಯ ಗೊಂಬೆ ಕೂರಿಸುತ್ತಿದ್ದರಂತೆ. ಈಟಿ ನಾಟಿದ ಮೇಲೂ ಹಿಂದೆ ತಿರುಗದ ಪ್ರಾಣಿ ಅದೊಂದೇ ಎಂದು. ಆಮೇಲೆ ಅದೇ ಹೆಸರನ್ನು ದೊರೆಗಳು ಇಟ್ಟುಕೊಂಡರು, ಮಠಾಧಿಪತಿಗಳೂ ಇಟ್ಟುಕೊಂಡರು. ಈಗೀಗ ಎಲ್ಲರಿಗೂ ಸಂತರ ಹೆಸರೇ ಬೇಕು. ನಮ್ಮ ಸಂತೆಯಲ್ಲಿ ಯೋಹಾನ್ನೆಸ್ ಎಂದು ಒಮ್ಮೆ ಕೂಗಿದರೆ ನಲವತ್ತು ಗಂಡಸರೂ ಒಂದು ಕತ್ತೆಯೂ ತಿರುಗಿ ನೋಡುತ್ತವೆ.

ಹಾಲ್ಡೆನ್ನಿನವರು ಮಾತ್ರ ಹಳೆಯ ಹೆಸರು ಬಿಡಲಿಲ್ಲ. ಅವರ ಮೂಲಪುರುಷ ಕೂಸಾಗಿದ್ದಾಗ ವೈರಿಗಳು ಮನೆಗೆ ಬೆಂಕಿಯಿಟ್ಟರಂತೆ, ಕಾಡುಹಂದಿಯೊಂದು ಅವನನ್ನು ತನ್ನ ಏಳು ಮರಿಗಳ ಜೊತೆ ಹಾಲೂಡಿಸಿ ಸಾಕಿತಂತೆ. ದೊಡ್ಡವನಾದ ಮೇಲೆ ಹಂದಿಮಾಂಸ ಬಡಿಸಿದಾಗಲೆಲ್ಲ ಅವನು ಎದ್ದು ನಿಂತು ತಟ್ಟೆಗೆ ತಲೆಬಾಗಿ, ಆಮೇಲೆ ತಿನ್ನುತ್ತಿದ್ದನಂತೆ.

ಅಂಥ ಹೆಸರಿಗೆ ಕಟ್ಟಳೆಯೂ ಅಂಥದೇ. ಮನೆಗೊಬ್ಬನೇ ಎಬರ್‌ವಿನ್. ಇರುವವನು ಕಣ್ಣು ಮುಚ್ಚುವ ಮೊದಲು ಇನ್ನೊಬ್ಬನಿಗೆ ಅದನ್ನಿಟ್ಟರೆ ಹಳಬನ ಆಯಸ್ಸು ಹೊಸ ತೊಟ್ಟಿಲಿಗೆ ಹರಿದುಹೋಗುತ್ತದೆ. ಕಣ್ಣು ಮುಚ್ಚಿದ ಮೇಲೆ, ಮನೆಯಲ್ಲಿ ಜ್ಞಾನಸ್ನಾನವಾಗುವ ಮೊದಲ ಗಂಡುಕೂಸಿಗೆ ಅದನ್ನು ಇಡಲೇಬೇಕು. ತಪ್ಪಿದರೆ ಹೆಸರು ಮುನಿದು ಕಾಡು ಸೇರುತ್ತದೆ, ಅದರ ಬಾಲ ಹಿಡಿದು ಕೋಟೆಯ ಅದೃಷ್ಟವೂ ಹೋಗುತ್ತದೆ. ಇನ್ನೂರು ವರ್ಷಗಳ ಪುಸ್ತಕ ತಿರುವಿದರೂ ಒಂದೇ ದಿನ ಇಬ್ಬರು ಎಬರ್‌ವಿನ್‌ರು ಉಸಿರಾಡಿದ್ದಿಲ್ಲ.

ಕೊಂದವನು ಬಾಯಿ ಮುಚ್ಚಿಕೊಂಡಿರಬಲ್ಲ. ಆದರೆ ಹಾಲ್ಡೆನ್ನಿನ ರಕ್ತದವನಾದರೆ ತೊಟ್ಟಿಲ ಮುಂದೆ ಬಾಯಿ ಮುಚ್ಚಿಕೊಂಡಿರಲಾರ. ಹೆಸರು ಕಾಡು ಸೇರುವ ಭಯ ನೇಣಿನ ಭಯಕ್ಕಿಂತ ದೊಡ್ಡದು.

ಸ್ನಾನದ ತೊಟ್ಟಿಯೆದುರು ಹೆಸರನ್ನು ಗಟ್ಟಿಯಾಗಿ ಹೇಳುವುದು ಜ್ಞಾನತಾಯಿಯ ಕೆಲಸ. ಈ ಮಗುವಿನ ಜ್ಞಾನತಾಯಿ ದೊರೆಯ ಅಕ್ಕ, ಎಪ್ಪತ್ತರ ರಿಖೆನ್ಜಾ.

ಮುದುಕಿ ಅಡಿಗೆಮನೆಯಲ್ಲಿ ಒಬ್ಬಳೇ ಕುಳಿತಿದ್ದಳು. ಕೈಯಲ್ಲಿ ಹೆಬ್ಬಾತಿನ ಗರಿ ಕೀಳುತ್ತಿದ್ದಳು, ಕಾಲಲ್ಲಿ ತೊಟ್ಟಿಲು ತೂಗುತ್ತಿದ್ದಳು. ಗೆರ್ಲಾಖ್ ಆಗಲೇ ಚಟ್ಟದ ಜೊತೆ ಲಿಂಡೆನ್ ಮರದ ಹತ್ತಿರ ಹೋಗಿದ್ದ. ಒಲೆಯ ಮೇಲೆ ಸಾವಿನೂಟಕ್ಕೆ ಎಲೆಕೋಸು ಕುದಿಯುತ್ತಿತ್ತು. ಆ ಘಮಕ್ಕೆ ಸತ್ತವನೂ ಎದ್ದು ತಟ್ಟೆ ಹಿಡಿಯಬೇಕು.

ಹಾಡೆವಿಗ್ ಕುಶಲ ಕೇಳಿದಳು, ಬಾಣಂತಿಯ ವಿಚಾರ ಕೇಳಿದಳು, ಮಗುವಿನ ಮೂಗು ಯಾರದೆಂದು ಕೇಳಿದಳು. ರಿಖೆನ್ಜಾ ಎಲ್ಲಕ್ಕೂ ಹ್ಞೂಂಗುಟ್ಟಿದಳು.

“ದೊಡ್ಡಮ್ಮ, ಮಗುಗೆ ಒಳ್ಳೇ ಹೆಸರಿಟ್ರಿ.”

“ಮನೆ ಹೆಸರು.”

“ಒಂದು ದಿನ ಮುಂಚೆ ಇಟ್ರಿ.”

ಮುದುಕಿಯ ಕೈ ನಿಂತಿತು. ಕಾಲು ಮಾತ್ರ ತೂಗುತ್ತಲೇ ಇತ್ತು.

“ನಿಮ್ಮ ಮಠದಲ್ಲಿ ಕೆಲ್ಸ ಕಮ್ಮಿ ಇರ್ಬೇಕು,” ಎಂದಳು ರಿಖೆನ್ಜಾ. “ಊರೋರ ತೊಟ್ಟಿಲು ಬಗ್ಗಿ ನೋಡೋಷ್ಟು ಪುರುಸೊತ್ತು.”

“ನಿಮ್ಮ ತಮ್ಮ ಬದುಕಿದ್ದಾನೆ ಅಂದ್ಕೊಂಡಿದ್ರೆ ನೀವು ಆ ಹೆಸರನ್ನ ಬಾಯಿಗೆ ತರ್ತಿರಲಿಲ್ಲ. ಮಂಗಳವಾರ ನಿಮಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು, ದೊಡ್ಡಮ್ಮ? ಅಲ್ಲಿ ಒಬ್ಬನ ಕುತ್ತಿಗೆಗೆ ಹಗ್ಗ ಕಾಯ್ತಿದೆ.”

ರಿಖೆನ್ಜಾ ಹೆಬ್ಬಾತನ್ನು ಮಡಿಲಿಂದ ಕೆಳಗಿಟ್ಟಳು. ಅವಳ ಮುಖದಲ್ಲಿ ಸಿಕ್ಕಿಬಿದ್ದವರ ಬೆವರಿರಲಿಲ್ಲ. ತಲೆಯ ಮೇಲಿನ ಹೊರೆಯನ್ನು ಕಟ್ಟೆಗಿಳಿಸುವ ಹೆಂಗಸಿನಂತೆ ಉಸಿರುಬಿಟ್ಟಳು.

“ನನ್ನ ತಮ್ಮ ಸತ್ತಿರೋದು ಮಂಗಳವಾರದಿಂದ ಅಲ್ಲ, ಇಪ್ಪತ್ತೆರಡು ವರ್ಷದಿಂದ ನಂಗೆ ಗೊತ್ತು.”

ಹಾಡೆವಿಗ್ ಪಕ್ಕದ ಮಣೆಯ ಮೇಲೆ ಕುಸಿದಳು. ಮಣೆ ಕಿರುಗುಟ್ಟಿದ ಸದ್ದು ಮೂರು ಹಳ್ಳಿಗೆ ಕೇಳಿಸಿರಬೇಕು.

ಮುದುಕಿ ಹೇಳಿದ ಕಥೆ ಇಷ್ಟು. ತಮ್ಮ ಎಬರ್‌ವಿನ್ ಗಡ್ಡ ಮೂಡುವ ಮೊದಲೇ ರೋಮಿಗೆ ಯಾತ್ರೆ ಹೊರಟ. ಆರು ವರ್ಷ ಸುದ್ದಿಯಿಲ್ಲ. ಏಳನೆಯ ವರ್ಷ ದಟ್ಟ ಗಡ್ಡದ ಗಂಡಸೊಬ್ಬ ಅವನ ಉಂಗುರ ತೊಟ್ಟು ಬಾಗಿಲಲ್ಲಿ ನಿಂತ. ಮನೆಯ ಮೂಲೆ ಮೂಲೆಯ ಗುರುತು ಹೇಳಿದ, ನಾಯಿಗಳ ಹೆಸರು ಹೇಳಿದ. ಊರು ಕುಣಿಯಿತು. ರಿಖೆನ್ಜಾ ಅವನ ತಲೆ ಬಾಚುವ ನೆಪದಲ್ಲಿ ಎಡಗಿವಿ ನೋಡಿದಳು. ಚಿಕ್ಕಂದಿನಲ್ಲಿ ತಮ್ಮನ ಆ ಕಿವಿಯ ತುದಿಯನ್ನು ಹಂದಿಮರಿಯೊಂದು ಕಚ್ಚಿ ಹರಿದಿತ್ತು. ಗಾಯ ಕಟ್ಟಿದವಳು ಇವಳೊಬ್ಬಳೇ. ಬಂದವನ ಕಿವಿ ಇಡಿಯಾಗಿತ್ತು.

“ಮತ್ತೆ ಯಾಕೆ ಸುಮ್ನಿದ್ರಿ?”

“ಅಣ್ಣ ತೀರಿಕೊಂಡಿದ್ದ. ಗೆರ್ಲಾಖ್ ಇದೇ ತೊಟ್ಟಿಲಲ್ಲಿ ಉಚ್ಚೆ ಹುಯ್ಕೊಂಡು ಮಲಗಿದ್ದ. ದೊರೆ ಇಲ್ಲದ ಕೋಟೇನ ಬಿಷಪ್ಪರು ಒಂದು ತುತ್ತಿಗೆ ನುಂಗ್ತಿದ್ರು. ಬಾಗಿಲಿಗೆ ಒಬ್ಬ ಗಂಡಸು ಬಂದ. ನಾನು ಯಾರೂಂತ ಕೇಳಲಿಲ್ಲ, ಅವನು ಹೇಳಲಿಲ್ಲ. ನನ್ನ ತಮ್ಮ ದಾರೀಲಿ ಜ್ವರ ಬಂದು ಹೋದ ಅಂತ ಅಷ್ಟು ಮಾತ್ರ ಒಂದು ಸಲ ಅಂದ. ಕೆಟ್ಟ ದೊರೆ ಏನಲ್ಲ, ಅಲ್ವಾ? ಮದುವೇನೂ ಆಗಲಿಲ್ಲ, ಇನ್ನೊಬ್ಬರ ಮನೇಲಿ ಮಕ್ಕಳು ಹುಟ್ಟಿಸಬಾರದು ಅಂತ.”

ಗೆರ್ಲಾಖನ ಜ್ಞಾನಸ್ನಾನ ಆ ಸಾವಿಗೆ ಮುಂಚೆಯೇ ಮುಗಿದಿತ್ತು, ಆಮೇಲೆ ಈ ಮನೆಯಲ್ಲಿ ಹುಟ್ಟಿದ್ದೆಲ್ಲ ಹೆಣ್ಣು. ನಿಜವಾದ ಎಬರ್‌ವಿನ್ ಸತ್ತ ಮೇಲೆ ಬಂದ ಮೊದಲ ಗಂಡುಕೂಸು ಈಗ ತೊಟ್ಟಿಲಲ್ಲಿ ಬೆರಳು ಚೀಪುತ್ತಿರುವುದೇ. ಕಟ್ಟಳೆ ತಪ್ಪಿಸುವ ಎದೆ ಮುದುಕಿಗಿರಲಿಲ್ಲ.

“ಭಾನುವಾರ ಅವನೇ ಬಂದು ತೊಟ್ಟಿಲ ಹತ್ರ ನಿಂತ,” ಎಂದಳು ರಿಖೆನ್ಜಾ. “ಇಡಿ ಅಕ್ಕ ಅಂದ. ನಂಗೆ ಸಾಕಾಯ್ತು, ಹೆಸರು ವಾಪಸ್ ಕೊಟ್ಟುಬಿಡ್ತೀನಿ ಅಂದ. ಮಾರನೇ ದಿನ ಹೋದ. ದೊರೆ ಅಪ್ಪಣೆ ಅಂದೆ, ಗೆರ್ಲಾಖ್ ಒಪ್ಕೊಂಡ. ಇಷ್ಟೇ ನಂಗೆ ಗೊತ್ತಿರೋದು.”

ಒಂದೇ ಏಟಿಗೆ ಹಾಡೆವಿಗ್‌ಳ ವಾದದ ಗೋಪುರ ಕುಸಿಯಿತು. ಮುದುಕಿ ಮಗುವಿಗೆ ಹೆಸರಿಟ್ಟದ್ದು ಕೊಲೆಯ ಗುಟ್ಟು ಬಲ್ಲೆನೆಂದಲ್ಲ. ಆದರೆ ಕುಸಿದ ಕಲ್ಲುಗಳಲ್ಲೇ ಇನ್ನೊಂದು ದಾರಿ ಕಂಡಿತು. ನಮ್ಮ ಸೀಮೆಯ ನ್ಯಾಯದಲ್ಲಿ ಫಿರ್ಯಾದಿಯಾದವನು ಚಟ್ಟದ ಮೇಲೆ ಕೈಯಿಟ್ಟು ಸತ್ತವನ ಹೆಸರನ್ನು ಮೂರು ಸಲ ಕೂಗಬೇಕು. ತಪ್ಪು ಹೆಸರು ಕೂಗಿದರೆ ದೂರು ಅಲ್ಲಿಗೇ ಸತ್ತಿತು.

“ಬನ್ನಿ ದೊಡ್ಡಮ್ಮ. ಅಲ್ಲಿ ಇದನ್ನೇ ಹೇಳಿ.”

“ಹೇಳಲ್ಲ. ನೀನು ಹೇಳಿದ್ರೆ ಸುಳ್ಳು ಅಂತೀನಿ. ಇಪ್ಪತ್ತೆರಡು ವರ್ಷ ಅವನು ದಾನಪತ್ರಕ್ಕೆ ಒತ್ತಿದ ಮುದ್ರೆಯೆಲ್ಲ ಸುಳ್ಳಾಗತ್ತೆ. ನಿಮ್ಮ ಮಠದ ಗಿರಣಿನೂ ಹೋಗತ್ತೆ, ನೆನಪಿರಲಿ.”

“ಗಿರಣಿ ಹೋದ್ರೆ ಕೈಯಲ್ಲಿ ಬೀಸ್ತೀವಿ,” ಎಂದು ಹಾಡೆವಿಗ್ ಎದ್ದಳು. “ಮಗೂನ ಎತ್ಕೊಳ್ಳಿ. ಹೆಸರಿನವನು ಮಣ್ಣಿಗೆ ಬರ್ಲೇಬೇಕು, ಅದೂ ನಿಮ್ಮ ಕಟ್ಟಳೆನೇ.”

ಲಿಂಡೆನ್ ಮರದಡಿ ಊರಿಗೆ ಊರೇ ನೆರೆದಿತ್ತು. ಮರದ ಮೇಲೆ ಎಲೆಗಳಿಗಿಂತ ಹೆಚ್ಚು ಜನ. ನ್ಯಾಯದ ಹಿರಿಯ ವೆಡೆಕಿಂಡ್ ಕಲ್ಲಿನ ಪೀಠದ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಲೂಡೆಕೆಯ ಕೈಗಳನ್ನು ಬೆನ್ನಿಗೆ ಕಟ್ಟಿದ್ದರು. ಓಡಿಲಿಯಾ ಎರಡೂ ಪುಸ್ತಕಗಳನ್ನು ಹೊತ್ತುತಂದು ಹಾಡೆವಿಗ್‌ಳ ಪಕ್ಕ ನಿಂತು ಅವಳ ತೋಳು ಹಿಡಿದುಕೊಂಡಳು.

ಗೆರ್ಲಾಖ್ ಚಟ್ಟದ ಮೇಲೆ ಕೈಯಿಟ್ಟು, ಎಬರ್‌ವಿನ್ ಎಂದು ಮೂರು ಸಲ ಕೂಗಿದ. ಮೂರನೆಯ ಕೂಗಿಗೆ ಆಚೆ ದಡದ ಹಸುಗಳು ಮೇವು ಬಿಟ್ಟವು.

ಹಾಡೆವಿಗ್ ಓಡಿಲಿಯಾಳನ್ನೂ ಎಳೆದುಕೊಂಡು ಮುಂದೆ ಬಂದಳು. ಪುಸ್ತಕ ತೋರಿಸಿದಳು, ಮಂಗಳವಾರದ ಸಾಲು ಓದಿದಳು, ಆ ದಿನ ದೊರೆ ಸತ್ತ ಸುದ್ದಿ ಯಾರಿಗೂ ಇರಲಿಲ್ಲವೆಂದಳು, ಕಟ್ಟಳೆಯನ್ನು ಜ್ಞಾಪಿಸಿದಳು. ಈ ಮನೆಯಲ್ಲಿ ಇಬ್ಬರು ಎಬರ್‌ವಿನ್‌ರು ಇರುವಂತಿಲ್ಲ; ತೊಟ್ಟಿಲಿನವನು ನಿಜವೋ, ಚಟ್ಟದವನು ನಿಜವೋ, ಹೆಸರಿಟ್ಟ ಜ್ಞಾನತಾಯಿಯೇ ಮಗುವಿನ ತಲೆ ಮುಟ್ಟಿ ಹೇಳಲಿ ಎಂದಳು.

ಗೆರ್ಲಾಖ್ ಇದೇನು ಹೆಂಗಸರ ಹರಟೆಯೆಂದು ಗದರಿದ. ವೆಡೆಕಿಂಡ್ ಅವನನ್ನು ಸುಮ್ಮನಿರಿಸಿ ಮುದುಕಿಯ ಕಡೆ ನೋಡಿದ.

ರಿಖೆನ್ಜಾ ಮಗುವಿನ ನೆತ್ತಿಯ ಮೇಲೆ ಕೈಯಿಟ್ಟಳು. ಹಾಡೆವಿಗ್ ಸುಳ್ಳುಗಾತಿ ಎನ್ನಲು ಬಾಯಿ ತೆರೆದಳು, ಮುಚ್ಚಿದಳು. ಅಂಗೈ ಕೆಳಗೆ ಮಗುವಿನ ನೆತ್ತಿ ಮಿಡಿಯುತ್ತಿತ್ತು. ಅದನ್ನು ಮುಟ್ಟಿ ಸುಳ್ಳಾಡುವುದು ಅವಳಿಂದಾಗಲಿಲ್ಲ.

“ಮಗುನೇ ಎಬರ್‌ವಿನ್,” ಎಂದಳು. ಅಷ್ಟೇ.

ಊರ ಬಾಯಿಂದ ಹೊರಟ ಉಸಿರಿಗೆ ನದಿಯ ನೀರು ಆಚೆ ದಡಕ್ಕೆ ಸರಿಯಿತು.

ವೆಡೆಕಿಂಡ್ ಬಹಳ ಹೊತ್ತು ಗಡ್ಡ ನೀವಿಕೊಂಡ. ಕೊನೆಗೆ, ತಪ್ಪು ಹೆಸರಿನ ಮೇಲೆ ದೂರು ನಿಲ್ಲುವುದಿಲ್ಲ, ಅಂಬಿಗನ ಕಟ್ಟು ಬಿಚ್ಚಿ ಎಂದ. ಹೆಸರು ಗೊತ್ತಿಲ್ಲದ ಈ ಹೆಣವನ್ನು ಸ್ಮಶಾನದ ಬೇಲಿಯಾಚೆ ಹೂಳಿ, ಗಂಟೆ ಬೇಡ, ಪುಸ್ತಕವೂ ಬೇಡ ಎಂದ.

ಲೂಡೆಕೆ ಕೈ ಉಜ್ಜಿಕೊಂಡ. ನದಿಯ ಕಡೆಗೆ ದಾರಿ ಬಿಟ್ಟು ಜನ ಸರಿದರು. ಅವನ ದೋಣಿ ಕಣ್ಣಳತೆಯಲ್ಲೇ ಇತ್ತು. ಹಾಡೆವಿಗ್ ಮನಸ್ಸಿನಲ್ಲೇ ಅವನನ್ನು ನೂಕಿದಳು: ಹೋಗು ಮಾರಾಯ, ಹೋಗು.

ಮೂರು ಹೆಜ್ಜೆ ಹೋದವನು ನಿಂತ. ಚಟ್ಟ ಎತ್ತಲು ನಾಲ್ವರು ಬಗ್ಗಿದ್ದರು.

“ಹೆಸರಿಲ್ಲದೆ ಹೂಳಬೇಡಿ ಸ್ವಾಮಿ,” ಎಂದ ಲೂಡೆಕೆ. “ಹೆಸರಿಲ್ದಿದ್ರೆ ಯಾರ ಪ್ರಾರ್ಥನೆನೂ ಅವನಿಗೆ ಮುಟ್ಟಲ್ಲ. ಅವನು ಟಾಮ್ಮೊ. ದೊರೆ ಜೊತೆ ಯಾತ್ರೆಗೆ ಆಳಾಗಿ ಹೋದವನು. ನನ್ನ ಸ್ವಂತ ಅಣ್ಣ. ಅವನ ಗುಟ್ಟು ಅಂತ ಇಷ್ಟು ದಿನ ಬಾಯಿ ಬಿಡಲಿಲ್ಲ.”

ಹಾಡೆವಿಗ್ ಕಣ್ಣು ಮುಚ್ಚಿಕೊಂಡಳು. ಬೆಳಗಿಂದ ಬೆವರು ಹರಿಸಿ ಅವನ ಕುತ್ತಿಗೆಯಿಂದ ತೆಗೆಸಿದ ಹಗ್ಗವನ್ನು ಈ ಪುಣ್ಯಾತ್ಮ ತಾನೇ ಎತ್ತಿ ಮಾಲೆಯಂತೆ ಹಾಕಿಕೊಂಡಿದ್ದ.

ಗೆರ್ಲಾಖ್ ಬಿಡುವನೇ? ಅಣ್ಣ ದೊರೆಯಾಗಿ ಮೆರೆದ, ತಮ್ಮ ಹುಟ್ಟು ಹಾಕುತ್ತ ಉಳಿದ. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಕಾರಣ ಬೇಕೇ ಎಂದು ಕೇಳಿದ. ಜನವೂ ಹೌದೆಂದು ತಲೆಯಾಡಿಸಿತು. ಹಗ್ಗ ಹಿಡಿದವನು ಮತ್ತೆ ಹತ್ತಿರ ಬಂದ.

ವೆಡೆಕಿಂಡ್ ಕೈಯೆತ್ತಿ ತಡೆದ. “ಟಾಮ್ಮೊ ಸತ್ತಿದ್ರೆ ದೂರು ಕೊಡೋ ಹಕ್ಕು ಟಾಮ್ಮೊನ ರಕ್ತಕ್ಕೆ. ಗೆರ್ಲಾಖ್, ಅದು ನಿಂಗಿಲ್ಲ. ಲೂಡೆಕೆ, ಈ ಭೂಮಿ ಮೇಲೆ ಅದಿರೋದು ನಿನ್ನೊಬ್ಬನಿಗೆ. ಕೈಯಿಡು. ಯಾರ ಮೇಲೆ ದೂರು, ಹೇಳು.”

ಲೂಡೆಕೆ ಅಣ್ಣನ ಎದೆಯ ಮೇಲೆ ಕೈಯಿಟ್ಟು ಅವನ ಹೆಸರನ್ನು ಮೂರು ಸಲ ಹೇಳಿದ. ಕೂಗಲಿಲ್ಲ, ಮಲಗಿದವನನ್ನು ಎಬ್ಬಿಸುವಂತೆ ಹೇಳಿದ. ಸೋಮವಾರ ಅಣ್ಣ ತನ್ನ ದೋಣಿ ಹತ್ತಿದ್ದನ್ನು ಹೇಳಿದ. ದೊರೆಯ ಅಂಗಿ ತೊಟ್ಟು ಟಾಮ್ಮೊ ಎಂದು ಹೇಳಿಕೊಳ್ಳುವುದು ಹೇಗೆಂದು ಅಣ್ಣನೇ ಮೇಲಂಗಿ ಕಳಚಿ ಮಡಿಸಿಟ್ಟನಂತೆ.

“ಎಲ್ಲಿಗೆ ದಾಟಿಸಿದೆ?”

“ಮಠದ ಮೆಟ್ಟಿಲಿಗೆ, ಸ್ವಾಮಿ. ನಿಜವಾದ ಹೆಸರನ್ನ ಪುಸ್ತಕಕ್ಕೆ ಕೊಟ್ಟು ಬರ್ತೀನಿ, ಕಾದಿರು ಅಂದ. ಕತ್ತಲಾಗೋವರೆಗೂ ಕಾದೆ. ಆ ಬಾಗಿಲಿಂದ ಹೊರಗೆ ಬರಲೇ ಇಲ್ಲ.”

ಬಾಗಿಲು ತೆರೆದದ್ದು ಯಾರೆಂದು ವೆಡೆಕಿಂಡ್ ಕೇಳಿದ.

“ಮುಖ ಕಾಣಲಿಲ್ಲ, ಮುಸುಕಿತ್ತು. ಚಿಲಕದ ಮೇಲಿನ ಕೈ ಕಂಡೆ. ಬೆರಳೆಲ್ಲ ಮಸಿ.”

ಇಡೀ ಮಠದಲ್ಲಿ ಬೆರಳಿಗೆ ಮಸಿಯಿರುವವರು ಇಬ್ಬರೇ. ಸೋಮವಾರ ಬೆಳಗಿಂದ ಸಂಜೆಯವರೆಗೆ ಹಾಡೆವಿಗ್ ಮೂರು ಹರದಾರಿ ಆಚೆಯ ಹಳ್ಳಿಯಲ್ಲಿ ಗೋರಿಗಲ್ಲಿನ ಪಾಚಿ ಕೆರೆಯುತ್ತ ಕುಳಿತಿದ್ದಳು.

ಅವಳು ತಿರುಗಿ ನೋಡಲಿಲ್ಲ. ಗಿರಣಿ, ಹುಲ್ಲುಗಾವಲು, ಮೀನಿನ ಕೊಳ ಎಂದು ಬೆಳಗ್ಗೆ ಎಣಿಸಿದ ದನಿ ಕಿವಿಯಲ್ಲಿತ್ತು. ಇಷ್ಟು ಹೊತ್ತೂ ಅವಳ ತೋಳು ಹಿಡಿದಿದ್ದ ಕೈ, ಒಂದೊಂದೇ ಬೆರಳಾಗಿ, ಸಡಿಲವಾಗುತ್ತಿತ್ತು.